ಬಲಗೈ ನಿಂತುಹೋದ ಹುಡುಗ: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಹುಣಸೂರು ರಸ್ತೆ ಕಡೆ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ಸಂಜೆ ಹೊತ್ತು ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ನಾಲ್ಕು ಬ್ಯಾಗು, ಒಂದು ಚಿಕ್ಕ ರಿಂಗು, ಹದಿನೈದಿಪ್ಪತ್ತು ಹುಡುಗರು. ಅಲ್ಲಿ ನಡೆದ ಒಂದು ಪ್ರಕರಣ ಇದು. ಬರೆಯುತ್ತೇನೆ ಅಂದಾಗ ಇಬ್ಬರೂ ಹುಡುಗರು ಒಪ್ಪಿದರು, ಹೆಸರು ಮಾತ್ರ ಬೇಡ ಅಂದರು. ಅದಕ್ಕೆ ಊರು, ಬೀದಿ ಹಿಡಿದೇ ಕರೆಯುತ್ತೇನೆ. ಒಬ್ಬ ಪಾಂಡವಪುರದವನು, ಇನ್ನೊಬ್ಬ ಮಂಡಿ ಮೊಹಲ್ಲಾದವನು.

ಬಾಕ್ಸಿಂಗ್ ಮಾತು ಬಂದರೆ ಜನ ಕೇಳುವುದೆಲ್ಲ ಏಟು ತಿನ್ನುವ ಬಗ್ಗೆಯೇ. ಮೂಗು ಒಡೆದರೆ ಏನು ಮಾಡ್ತೀರಾ, ನೋವಾಗಲ್ವಾ, ಹೆದರಿಕೆ ಆಗಲ್ವಾ ಅಂತ. ಏಟು ಕೊಡುವವನಿಗೆ ಏನಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಆ ಒಂದು ಪ್ರಶ್ನೆ ಕೇಳದೇ ಹೋದದ್ದಕ್ಕೆ ಒಬ್ಬ ಒಳ್ಳೆಯ ಹುಡುಗನನ್ನು ಮೂರು ವಾರ ತಪ್ಪು ದಾರಿಯಲ್ಲಿ ಓಡಿಸಿದೆ.

ಹುಡುಗ ಎಲ್ಲಿಂದ ಬಂದ

ಪಾಂಡವಪುರದವನಿಗೆ ಆಗ 19 ವರ್ಷ, ತೂಕ 66 ಕೆ.ಜಿ. ಮನೆಯಲ್ಲಿ ಒಂದೂವರೆ ಎಕರೆ ಕಬ್ಬು. ಮೈಸೂರಿಗೆ ಐಟಿಐ ಓದಲು ಬಂದಿದ್ದ. ಚಿಕ್ಕಂದಿನಿಂದ ಊರಿನ ಗರಡಿಯಲ್ಲಿ ಬೆಳೆದವನು, ದಂಡ ಬಸ್ಕಿ ಹೊಡೆದು ಕತ್ತು, ಸೊಂಟ, ತೊಡೆ ಎಲ್ಲ ಗಟ್ಟಿಯಾಗಿತ್ತು. ಬಂದ ಮೊದಲ ದಿನವೇ ಬ್ಯಾಗಿಗೆ ಒಂದು ಬಲಗೈ ಹಾಕಿದ ನೋಡಿ, ಶೆಡ್ಡಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಅಷ್ಟು ಸದ್ದು.

ಒಂದು ವಿಷಯ ನಾನು ಆಗಲೇ ಗಮನಿಸಬೇಕಿತ್ತು. ಕುಸ್ತಿಯಲ್ಲಿ ಗುದ್ದು ಅನ್ನುವುದೇ ಇಲ್ಲ. ಹಿಡಿತ ಇದೆ, ಪಟ್ಟು ಇದೆ, ಎತ್ತಿ ಕೆಡವುವುದಿದೆ. ಕೆಡವಿದರೆ ಬಿದ್ದವನು ಎದ್ದು ಮಣ್ಣು ಒದರಿಕೊಂಡು ಕೈ ಕುಲುಕುತ್ತಾನೆ. ಇವನು ಹತ್ತು ವರ್ಷ ಕಲಿತದ್ದು ಅದು. ಕೆಡವುವುದು ಅಂದರೆ ಅವನ ಮಟ್ಟಿಗೆ ಎದುರಾಳಿ ಮತ್ತೆ ಏಳುವ ಆಟ.

ಮಂಡಿ ಮೊಹಲ್ಲಾದವನು 63 ಕೆ.ಜಿ., ಎರಡು ವರ್ಷದಿಂದ ನಮ್ಮಲ್ಲೇ ಇದ್ದವನು. ಕಾಲು ಚುರುಕು, ಜ್ಯಾಬ್ (ಎಡಗೈಯ ಚುರುಕು ನೇರ ಗುದ್ದು) ಚೆನ್ನಾಗಿದೆ, ಜ್ಯಾಬ್ ಹಾಕಿ ಕೈ ವಾಪಸ್ ತರುವಾಗ ಮಾತ್ರ ಸೊಂಟದ ಹತ್ತಿರ ಇಳಿಸುತ್ತಾನೆ. ನೂರು ಸಲ ಹೇಳಿದ್ದೆ. ಇಬ್ಬರಿಗೂ ಮೊದಲ ವಾರದಿಂದಲೇ ಸ್ನೇಹ. ಕ್ಲಾಸು ಮುಗಿದ ಮೇಲೆ ಒಂದೇ ಬೈಕಿನಲ್ಲಿ ಹೋಗುತ್ತಿದ್ದರು.

ಆ ಶನಿವಾರ

ಮೂರು ರೌಂಡು ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರು ನಿಂತು ಆಡುವ ಅಭ್ಯಾಸದ ಗುದ್ದಾಟ. ಇಬ್ಬರಿಗೂ 16 ಔನ್ಸಿನ ಗ್ಲೌಸು, ಹೆಡ್‌ಗಾರ್ಡು, ಬಾಯಿಗೆ ಗಮ್ ಶೀಲ್ಡು. ಎರಡು ರೌಂಡು ಚೆನ್ನಾಗಿ ನಡೆಯಿತು. ಮೂರನೆಯದರಲ್ಲಿ ಮಂಡಿ ಮೊಹಲ್ಲಾದವನು ಸುಸ್ತಾಗಿದ್ದ. ಹಿಂದಿನ ರಾತ್ರಿ ಕೆಲಸಕ್ಕೆ ಹೋಗಿ ನಿದ್ದೆಗೆಟ್ಟಿದ್ದ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಮೊದಲೇ ಕೇಳಬೇಕಿತ್ತು, ಕೇಳಿರಲಿಲ್ಲ. ಅವನು ಜ್ಯಾಬ್ ಹಾಕಿ ಮುಂದಕ್ಕೆ ನುಗ್ಗಿದ, ಎಡಗೈ ಯಥಾಪ್ರಕಾರ ಕೆಳಗೆ ಬಂತು, ಅದೇ ಹೊತ್ತಿಗೆ ಪಾಂಡವಪುರದವನ ಬಲಗೈ ನೇರ ಬಂದು ದವಡೆಗೆ ಬಿತ್ತು. ದೊಡ್ಡ ಸದ್ದೇನೂ ಬರಲಿಲ್ಲ. ಹುಡುಗ ಎರಡೂ ಮೊಣಕಾಲ ಮೇಲೆ ಕೂತುಬಿಟ್ಟ.

ತಕ್ಷಣ ನಿಲ್ಲಿಸಿದೆ. ಅವನು ತಾನೇ ಎದ್ದ, "ಏನಿಲ್ಲ ಅಣ್ಣ, ಜಾರಿದೆ" ಅಂದ. ಸ್ಟೂಲಿನ ಮೇಲೆ ಕೂರಿಸಿ ಹೆಡ್‌ಗಾರ್ಡು ಬಿಚ್ಚಿದೆವು. ನೀರು ಕುಡಿದ. ಆಮೇಲೆ ಕೇಳಿದ: "ಅಣ್ಣ, ಇವತ್ತು ಯಾವ ವಾರ?"

"ಶನಿವಾರ ಕಣೋ."

ಎರಡು ನಿಮಿಷ ಆಗಿರಬಹುದು. ಮತ್ತೆ ನನ್ನ ಮುಖ ನೋಡಿ, ಮೊದಲ ಸಲ ಕೇಳುವವನ ಹಾಗೆ, ಅದೇ ದನಿಯಲ್ಲಿ, "ಅಣ್ಣ, ಇವತ್ತು ಯಾವ ವಾರ?"

ಕೇಳಿದ್ದನ್ನೇ ಮತ್ತೆ ಕೇಳುವುದು ಮಿದುಳು ಅಲುಗಿರುವುದರ ಲಕ್ಷಣ. ಎಚ್ಚರ ತಪ್ಪಲೇಬೇಕು ಅಂತಿಲ್ಲ, ಎದ್ದು ನಡೆದಾಡುವವನಿಗೂ ಆಗಿರುತ್ತದೆ. ಆಟೋ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿದರು, ತಲೆಯೊಳಗೆ ರಕ್ತಸ್ರಾವ ಇರಲಿಲ್ಲ. ಕನ್ಕಷನ್ ಅಂದರು. ವಾಂತಿಯಾದರೆ, ತಲೆನೋವು ಜಾಸ್ತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ವಾಪಸ್ ಬನ್ನಿ ಅಂದು ಮನೆಗೆ ಕಳಿಸಿದರು. ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್ ನಿಯಮದಲ್ಲಿ ತಲೆಗೆ ಏಟು ಬಿದ್ದು ಪಂದ್ಯ ನಿಂತರೆ ಕಡಿಮೆ ಅಂದರೂ 30 ದಿನ ಪಂದ್ಯವೂ ಇಲ್ಲ, ಸ್ಪಾರಿಂಗೂ ಇಲ್ಲ. 3 ತಿಂಗಳೊಳಗೆ ಇನ್ನೊಮ್ಮೆ ಆದರೆ 90 ದಿನ. ನಮ್ಮ ಶೆಡ್ಡಿನಲ್ಲಿ ನಡೆದದ್ದು ಪಂದ್ಯ ಅಲ್ಲದಿದ್ದರೂ ಅದೇ ಲೆಕ್ಕ ಹಿಡಿದೆವು. ಮೊದಲ ಏಟಿನ ಪರಿಣಾಮ ಮಾಯುವ ಮುಂಚೆ ಎರಡನೆಯದು ಬಿದ್ದರೆ, ಆ ಎರಡನೆಯದು ಚಿಕ್ಕದಾಗಿದ್ದರೂ ಪ್ರಾಣಕ್ಕೆ ಬರಬಹುದು. ಇದರಲ್ಲಿ ರಾಜಿ ಇಲ್ಲ.

ಅವನ ಕಥೆ ಬೇಗ ಹೇಳಿಬಿಡುತ್ತೇನೆ. ಎರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಡಿಗೆ, ಆಮೇಲೆ ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನ ಓಟ, ಆಮೇಲೆ ಶ್ಯಾಡೋ (ಎದುರಿಗೆ ಯಾರೂ ಇಲ್ಲದೆ ಗಾಳಿಗೆ ಗುದ್ದುವುದು), ಬ್ಯಾಗು. ಒಂದೊಂದು ಮೆಟ್ಟಿಲಿಗೂ ತಲೆನೋವು ಬಂತಾ ಅಂತ ನೋಡಿ ಮುಂದಕ್ಕೆ. ಐದು ವಾರದ ಮೇಲೆ ಡಾಕ್ಟರು ಒಪ್ಪಿದ ಮೇಲೆ ರಿಂಗಿಗೆ ಇಳಿದ. ಆರಾಮಾದ. ಆ ಮೂರನೇ ರೌಂಡು ಮಾತ್ರ ಅವನಿಗೆ ಇವತ್ತಿಗೂ ನೆನಪಿಲ್ಲ.

ಕೆಟ್ಟದ್ದು ಆದದ್ದು ಇನ್ನೊಬ್ಬನಿಗೆ.

ನಾನು ತಪ್ಪು ತಿಳಿದ ಮೂರು ವಾರ

ಪಾಂಡವಪುರದವನು ಸೋಮವಾರ ಎಂದಿನಂತೆ ಬಂದ. ಬ್ಯಾಗಿನ ಮೇಲೆ ಅದೇ ಸದ್ದು. ನಾನು ಕೈಗೆ ಪ್ಯಾಡು ತೊಟ್ಟು ಹಿಡಿದರೆ ಒನ್-ಟೂ (ಜ್ಯಾಬ್, ಹಿಂದೆಯೇ ಬಲಗೈ) ಚೆನ್ನಾಗಿ ಬೀಳುತ್ತಿತ್ತು. ಆದರೆ ರಿಂಗಿನಲ್ಲಿ ಎದುರಿಗೆ ಮನುಷ್ಯ ನಿಂತರೆ ಬಲಗೈ ಬರುತ್ತಲೇ ಇರಲಿಲ್ಲ. ಬರೀ ಜ್ಯಾಬ್, ಜ್ಯಾಬ್, ಜ್ಯಾಬ್. ಎದುರಾಳಿಗೆ ಒಂದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ ಅಲ್ವಾ, ಇವನ ಬಲಗೈಯಿಂದ ಏನೂ ಭಯ ಇಲ್ಲ ಅಂತ. ಆಮೇಲೆ ಅವನು ಧೈರ್ಯವಾಗಿ ಒಳಗೆ ನಡೆದುಕೊಂಡೇ ಬರುತ್ತಾನೆ. ಹಾಗಾಗಿ ನಮ್ಮ ಹುಡುಗ ಮುಂಚೆಗಿಂತ ಜಾಸ್ತಿ ಏಟು ತಿನ್ನತೊಡಗಿದ.

ಅದನ್ನು ನೋಡಿ ನಾನು ಲೆಕ್ಕ ಹಾಕಿದ್ದು ಹೀಗೆ: ಗೆಳೆಯ ಬಿದ್ದದ್ದು ನೋಡಿ ಹೆದರಿದ್ದಾನೆ, ನಾಳೆ ನನಗೂ ಹಾಗೇ ಆಗಬಹುದು ಅಂತ ಮನಸ್ಸಿನಲ್ಲಿ ಕೂತಿದೆ, ಬಲಗೈ ಬಿಟ್ಟರೆ ಮುಖ ತೆರೆದುಕೊಳ್ಳುತ್ತದೆ, ಅದಕ್ಕೇ ಬಿಡುತ್ತಿಲ್ಲ. ಕೇಳಲು ಸರಿಯಾಗಿದೆ. ಎಷ್ಟೋ ಹುಡುಗರಿಗೆ ಹೀಗೇ ಆಗುತ್ತದೆ. ಆದ್ದರಿಂದ ಏಟಿನ ಭಯ ಬಿಡಿಸುವ ಪಾಠ ಶುರು ಮಾಡಿದೆ.

ಆ ಪಾಠದಲ್ಲಿ ಏನಿರುತ್ತದೆ ಅಂತ ಇಲ್ಲಿ ಹೇಳಲೇಬೇಕು. ಬಾಕ್ಸರ್‌ಗಳು ಏಟು ತಿನ್ನುವ ಬಗ್ಗೆ ಮಾತಾಡುವುದೆಲ್ಲ ಅದರಲ್ಲೇ ಬರುತ್ತದೆ. ಮೊದಲನೆಯದು, ಕಣ್ಣು ಮುಚ್ಚಬಾರದು. ಮುಖಕ್ಕೆ ಏನಾದರೂ ಬಂದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಅದು ಹುಟ್ಟಿನಿಂದ ಬಂದದ್ದು, ಅದನ್ನು ದಿನಾ ಸ್ವಲ್ಪ ಸ್ವಲ್ಪ ಪಳಗಿಸಬೇಕು. ಗದ್ದ ಕೆಳಗೆ, ಹಲ್ಲು ಕಚ್ಚಿರಬೇಕು, ಏಟು ತಾಗುವಾಗ ಉಸಿರು ಹೊರಗೆ ಬಿಡಬೇಕು. ಬಾಯಿ ತೆರೆದಿದ್ದಾಗ ಬಿದ್ದ ಏಟು ದವಡೆಯನ್ನೇ ಮುರಿಯಬಹುದು.

ಏಟುಗಳೂ ಒಂದೇ ಥರ ಇರುವುದಿಲ್ಲ. ಮೂಗಿಗೆ ಬಿದ್ದರೆ ಕಣ್ಣಲ್ಲಿ ದಳದಳ ನೀರು ಬರುತ್ತದೆ. ಅದು ಅಳು ಅಲ್ಲ, ಆದರೆ ಹೊಸ ಹುಡುಗರಿಗೆ ಅದೇ ನಾಚಿಕೆ. ಹಣೆಗೆ ಬಿದ್ದರೆ ಕೊಟ್ಟವನ ಕೈಗೇ ಜಾಸ್ತಿ ನೋವು. ಕಿರುಬೆರಳಿನ ಕೆಳಗಿನ ಮೂಳೆ ಮುರಿದುಕೊಂಡವರು ಬೇಕಾದಷ್ಟು ಜನ ಇದ್ದಾರೆ, ಡಾಕ್ಟರುಗಳು ಅದಕ್ಕೆ ಬಾಕ್ಸರನ ಹೆಸರೇ ಇಟ್ಟಿದ್ದಾರೆ. ಬಲ ಪಕ್ಕೆಲುಬಿನ ಕೆಳಗೆ, ಈಲಿ (ಲಿವರು) ಇರುವ ಕಡೆ, ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಗುದ್ದು) ಬಿದ್ದರೆ ಅದೇ ಬೇರೆ. ಬಿದ್ದ ಕ್ಷಣ ಏನೂ ಅನ್ನಿಸುವುದಿಲ್ಲ, ಒಂದು ಹೆಜ್ಜೆ ಇಡುತ್ತೀರಿ, ಆಮೇಲೆ ಕಾಲು ನಿಮ್ಮ ಮಾತು ಕೇಳುವುದಿಲ್ಲ. ತಲೆ ಪೂರ್ತಿ ಸರಿಯಾಗಿರುತ್ತದೆ, ರೆಫ್ರಿ ಎಣಿಸುವುದು ಕೇಳಿಸುತ್ತದೆ, ಏಳಬೇಕು ಅಂತ ಗೊತ್ತು, ಮೈ ಏಳುವುದಿಲ್ಲ. ನನಗೆ ಒಂದೇ ಸಲ ಬಿದ್ದಿದೆ, ಇನ್ನೊಂದು ಬೇಡ.

ತಲೆಯ ಏಟು ಇದಕ್ಕೆ ಉಲ್ಟಾ. ಜೋರಾಗಿ ಬಿದ್ದದ್ದು ಎಷ್ಟೋ ಸಲ ನೋಯುವುದೇ ಇಲ್ಲ. ಲೈಟು ಹೋಗಿ ಬಂದ ಹಾಗೆ, ಅಷ್ಟೇ. ಗದ್ದದ ತುದಿಗೆ ಬಿದ್ದರೆ ತಲೆ ಗಿರಕ್ಕನೆ ತಿರುಗುತ್ತದೆ, ಬುರುಡೆ ತಿರುಗಿದಷ್ಟು ಬೇಗ ಒಳಗಿನ ಮಿದುಳು ತಿರುಗುವುದಿಲ್ಲ, ಕೆಡುಕಾಗುವುದು ಅಲ್ಲಿ. ಅದಕ್ಕೇ ಹೆಡ್‌ಗಾರ್ಡು ಇದನ್ನು ತಡೆಯುವುದಿಲ್ಲ. ಅದು ಚರ್ಮ ಸೀಳುವುದನ್ನು ತಡೆಯುತ್ತದೆ. 2013ರಲ್ಲಿ ದೊಡ್ಡವರ ಪುರುಷರ ಅಮೆಚೂರ್ ಪಂದ್ಯಗಳಲ್ಲಿ ಹೆಡ್‌ಗಾರ್ಡು ತೆಗೆದೇಬಿಟ್ಟರು, 2016ರ ರಿಯೋ ಒಲಿಂಪಿಕ್ಸಿನಲ್ಲಿ ಪುರುಷರು ಬರೀ ತಲೆಯಲ್ಲೇ ಆಡಿದರು. ನಾವು ಅಭ್ಯಾಸದಲ್ಲಿ ಹಾಕಿಸುತ್ತೇವೆ, ಆದರೆ ಹಾಕಿದ್ದೀನಲ್ಲ ಅಂತ ಹುಡುಗರು ನಿಶ್ಚಿಂತೆಯಾಗಿ ತಲೆ ಒಡ್ಡಬಾರದು.

ಇನ್ನೊಂದು ಮಾತು, ಯಾವ ಬಾಕ್ಸರನ್ನು ಕೇಳಿದರೂ ಹೇಳುತ್ತಾನೆ: ಕಂಡ ಏಟು ಕೆಡವುವುದು ಕಡಿಮೆ, ಕಾಣದ ಏಟು ಕೆಡವುತ್ತದೆ. ಬರುವುದು ಕಂಡರೆ ಕತ್ತು ತಾನಾಗಿ ಬಿಗಿಯಾಗುತ್ತದೆ, ತಲೆ ಒಂದಿಂಚು ಹಿಂದೆ ಸರಿಯುತ್ತದೆ. ಕಾಣದಿದ್ದರೆ ಕತ್ತು ಸಡಿಲವಾಗಿರುತ್ತದೆ. 1974ರ ಅಕ್ಟೋಬರಿನಲ್ಲಿ ಜಯೀರ್ ದೇಶದ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿ ಹಗ್ಗಕ್ಕೆ ಒರಗಿಕೊಂಡು ಜಾರ್ಜ್ ಫೋರ್‌ಮನ್‌ನ ಅಷ್ಟೊಂದು ಏಟು ತಿಂದು ಎಂಟನೇ ರೌಂಡಿನಲ್ಲಿ ಅವನನ್ನೇ ಕೆಡವಿದ್ದು ಎಲ್ಲರಿಗೂ ಗೊತ್ತು. ಅಲಿ ಸುಮ್ನೆ ತಿನ್ನಲಿಲ್ಲ. ಒಂದೊಂದನ್ನೂ ನೋಡಿಕೊಂಡು, ತೋಳಿನ ಮೇಲೆ, ಮೊಣಕೈ ಮೇಲೆ, ಹಗ್ಗಕ್ಕೆ ಭಾರ ದಾಟಿಸಿ ತಿಂದ. ಹಾಗಿದ್ದರೂ ಹತ್ತು ವರ್ಷದ ಮೇಲೆ, 1984ರಲ್ಲಿ, ಅವನಿಗೆ ಪಾರ್ಕಿನ್ಸನ್ ಕಾಯಿಲೆ ಇದೆ ಅಂತ ಗೊತ್ತಾಯಿತು. ಏಟು ತಡೆದುಕೊಳ್ಳುವುದನ್ನು ಗಂಡಸುತನ ಅಂತ ಹೊಗಳುವವರಿಗೆ ನಾನು ಇದನ್ನು ಹೇಳುತ್ತೇನೆ.

ಸರಿ, ಈ ಪಾಠವೆಲ್ಲ ಮಾಡಿಸಿದೆ. ಹಣೆಗೆ ಟೆನಿಸ್ ಬಾಲ್ ಎಸೆದು ಕಣ್ಣು ಬಿಟ್ಟಿರಲು ಹೇಳಿದೆ, ಬಿಟ್ಟಿದ್ದ. ಕೈ ಹಿಂದೆ ಕಟ್ಟಿಕೊಂಡು ತಲೆ ಸರಿಸುವ ಆಟ ಆಡಿಸಿದೆ, ಎಲ್ಲರಿಗಿಂತ ಚೆನ್ನಾಗಿ ಆಡಿದ. ಹೊಟ್ಟೆಗೆ ಮೆಡಿಸಿನ್ ಬಾಲ್ ಹಾಕಿದೆ, ಅಲುಗಲಿಲ್ಲ. ಪಾಠದಲ್ಲಿ ಪಾಸು, ರಿಂಗಿನಲ್ಲಿ ಬಲಗೈ ಇಲ್ಲ. ಮೂರನೇ ವಾರ ನನಗೆ ತಾಳ್ಮೆ ಕೆಟ್ಟು ಎಲ್ಲರೆದುರು ಹೇಳಿಬಿಟ್ಟೆ: "ಹೆದರಿಕೊಂಡಿದ್ದೀಯ. ಹೆದರೋದಾದ್ರೆ ಗ್ಲೌಸ್ ಬಿಚ್ಚಿಡು."

ಅವನು ಒಂದು ಮಾತೂ ಆಡಲಿಲ್ಲ. ಗ್ಲೌಸು ಬಿಚ್ಚಲೂ ಇಲ್ಲ. ಮುಂದಿನ ರೌಂಡಿಗೆ ಹೋಗಿ ಮತ್ತೆ ಬರೀ ಜ್ಯಾಬ್ ಹಾಕಿಕೊಂಡು ಏಟು ತಿಂದು ಬಂದ. ಆ ಮುಖ ನೋಡಿ ನನಗೆ ಮೊದಲ ಸಲ ಅನುಮಾನ ಬಂತು. ಏಟಿಗೆ ಹೆದರುವವನು ಹೀಗೆ ನಿಂತು ತಿನ್ನುತ್ತಾನಾ?

ಮೊಬೈಲು ತೋರಿಸಿದ್ದು

ಮಾರನೇ ದಿನ ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ಅವನ ಮೂರು ರೌಂಡು ಹಿಡಿದೆ. ರಾತ್ರಿ ಮನೆಯಲ್ಲಿ ಕೂತು ನೋಡಿದೆ. ಹತ್ತು ಸಲ ನೋಡಿರಬಹುದು.

ಎದುರಿನವನ ಏಟು ಬರುವಾಗ ಇವನ ಕಣ್ಣು ಅಗಲವಾಗಿ ತೆರೆದಿದೆ. ತಾಗುವಾಗಲೂ ತೆರೆದಿದೆ. ಇವನದೇ ಬಲಗೈ ಹೊರಡುವಾಗ ಕಣ್ಣು ಮುಚ್ಚುತ್ತದೆ. ಭುಜ ಹೊರಟಿದೆ, ಸೊಂಟ ತಿರುಗಿದೆ, ಮೊಣಕೈ ಅರ್ಧ ಬಿಚ್ಚಿದೆ, ಅಲ್ಲಿಗೆ ನಿಂತುಬಿಡುತ್ತದೆ. ಎದುರಿನವನ ಮುಖಕ್ಕೆ ಒಂದು ಗೇಣು ಬಾಕಿ ಇರುವಾಗ. ಮೂರು ರೌಂಡಿನಲ್ಲಿ ಹನ್ನೊಂದು ಸಲ ಬಲಗೈ ಹೊರಟಿತ್ತು, ಹನ್ನೊಂದು ಸಲವೂ ಗೇಣು ದೂರದಲ್ಲಿ ನಿಂತಿತ್ತು. ಬರಿಗಣ್ಣಿಗೆ ಅದು ಹೊರಡಲೇ ಇಲ್ಲ ಅನ್ನಿಸುತ್ತಿತ್ತು.

ಮೂರು ವಾರ ನಾನು ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟಿದ್ದೆ.

ನಂದಿ ಹತ್ತಿರ

ಭಾನುವಾರ ಬೆಳಿಗ್ಗೆ ನಾವು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ಹುಡುಗರು ಮುಂದಕ್ಕೆ ಓಡಿದರು, ಇವನನ್ನು ನಂದಿ ಹತ್ತಿರ ನಿಲ್ಲಿಸಿಕೊಂಡೆ. ಮೊದಲು ಕ್ಷಮೆ ಕೇಳಿದೆ, ಎಲ್ಲರೆದುರು ಹಾಗಂದದ್ದಕ್ಕೆ. ಆಮೇಲೆ ವಿಡಿಯೋ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದನ್ನು ಅವನ ಮಾತಲ್ಲೇ ಬರೆಯುತ್ತೇನೆ.

"ನಂಗೆ ಏಟು ಬಿದ್ರೆ ಏನಾಯ್ತದೆ ಅಂತ ನಂಗೊತ್ತಾಯ್ತದೆ ಅಣ್ಣ. ನಾನು ಹೊಡೆದ್ರೆ ಅವನ್ಗೇನಾಯ್ತದೆ ಅಂತ ಗೊತ್ತಾಗಾಕಿಲ್ಲ."

ನಾನು ಏನೂ ಹೇಳಲಿಲ್ಲ. ಅವನೇ ಮುಂದುವರಿಸಿದ. "ಅವತ್ತು ಕೈಗೆ ಏನೂ ಅನ್ಸಲೇ ಇಲ್ಲ ಕಣಣ್ಣ. ಬೆಣ್ಣೆ ಮ್ಯಾಲೆ ಕೈ ಇಟ್ಟಂಗಾಯ್ತು. ನೋಡಿದ್ರೆ ಅವ್ನು ಕೆಳಗೆ ಕೂತವ್ನೆ. ಜೋರಾಗಿ ಹೊಡೆದಿದ್ರೆ ಜೋರಾಗಿ ಹೊಡೆದೆ ಅಂತ ಅನ್ಕೋಬಹುದಿತ್ತು. ನಾನು ಜೋರಾಗಿ ಹೊಡೀಲೇ ಇಲ್ಲ."

ಮನೆಯ ವಿಷಯವೂ ಬಂತು. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ಹುಡುಗನೊಬ್ಬ ಏಟು ಬಿದ್ದು ಕುಸಿದ, ಆಸ್ಪತ್ರೆಯಲ್ಲಿ ತೀರಿಕೊಂಡ. ಆ ವಿಡಿಯೋ ಈ ಕಡೆಯ ಎಲ್ಲರ ಮೊಬೈಲಿಗೂ ಬಂದಿತ್ತು. ಇವನು ಬಾಕ್ಸಿಂಗ್ ಸೇರುತ್ತೇನೆ ಅಂದಾಗ ಇವನ ತಾಯಿ ಅದನ್ನು ನೆನಪಿಸಿಕೊಂಡು ಹೇಳಿದ್ದರಂತೆ: "ನಿಂಗೇನಾದ್ರೂ ಆದ್ರೆ ನಾನು ಅಳ್ತೀನಿ. ನಿನ್ನ ಕೈಯಿಂದ ಇನ್ನೊಬ್ರ ಮನೆ ಮಗಂಗೆ ಆದ್ರೆ ಆ ತಾಯಿ ಮುಂದೆ ಹೆಂಗ್ಲಾ ನಿಂತ್ಕೊಳ್ಳಲಿ?"

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಇವನಿಗೆ ಅದೇ ಮಾತು ಕಿವಿಯಲ್ಲಿತ್ತಂತೆ. ನಾನು ಪಕ್ಕದಲ್ಲೇ ಕೂತಿದ್ದೆ. ಬಿದ್ದವನ ಬಗ್ಗೆ ಡಾಕ್ಟರನ್ನು ಹತ್ತು ಪ್ರಶ್ನೆ ಕೇಳಿದೆ, ಪಕ್ಕದಲ್ಲಿದ್ದವನನ್ನು ಒಂದೂ ಕೇಳಲಿಲ್ಲ.

ಕೊಡುವವನ ಕೈ

ಇದು ಇವನೊಬ್ಬನ ಕಥೆ ಅಲ್ಲ. 1962ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಎಮಿಲ್ ಗ್ರಿಫಿತ್ ಅನ್ನುವ ಬಾಕ್ಸರ್ ಬೆನ್ನಿ ಪರೆಟ್ ಎಂಬವನನ್ನು 12ನೇ ರೌಂಡಿನಲ್ಲಿ ಸೋಲಿಸಿದ. ಪರೆಟ್‌ಗೆ ಎಚ್ಚರ ಬರಲೇ ಇಲ್ಲ, ಹತ್ತು ದಿನಕ್ಕೆ ತೀರಿಕೊಂಡ. ಗ್ರಿಫಿತ್ ಆಮೇಲೂ ವರ್ಷಗಟ್ಟಲೆ ಆಡಿದ, ಗೆದ್ದ. ಆದರೆ ಆ ರಾತ್ರಿಯ ನಂತರ ಹೊಡೆಯಲು ಭಯವಾಗಿ ಕೈ ಹಿಡಿದುಕೊಂಡೇ ಆಡುತ್ತಿದ್ದೆ ಅಂತ ಅವನೇ ಹೇಳಿಕೊಂಡಿದ್ದಾನೆ. ದಶಕಗಳವರೆಗೆ ಕೆಟ್ಟ ಕನಸು ಬೀಳುತ್ತಿತ್ತು. 1982ರ ನವೆಂಬರಿನಲ್ಲಿ ರೇ ಮ್ಯಾನ್ಸಿನಿಯ ಜೊತೆ ಆಡಿದ ಕೊರಿಯಾದ ಕಿಮ್ ಡುಕ್-ಕೂ 14ನೇ ರೌಂಡಿನಲ್ಲಿ ಬಿದ್ದು ಕೆಲವೇ ದಿನದಲ್ಲಿ ತೀರಿಕೊಂಡ. ಮ್ಯಾನ್ಸಿನಿ ಮತ್ತೆ ಮೊದಲಿನಂತಾಗಲಿಲ್ಲ. ಆ ಸಾವಿನ ಮೇಲೆ ವಿಶ್ವ ಪ್ರಶಸ್ತಿ ಪಂದ್ಯಗಳನ್ನು 15 ರೌಂಡಿನಿಂದ 12ಕ್ಕೆ ಇಳಿಸಿದರು.

ಲೋಕ ಗೆದ್ದವರಿಗೇ ಹೀಗಾದರೆ ಪಾಂಡವಪುರದ ಹುಡುಗನಿಗೆ ಆಗುವುದರಲ್ಲಿ ಆಶ್ಚರ್ಯ ಏನಿದೆ? ನಾವು ಕೋಚ್‌ಗಳು ಇದಕ್ಕೊಂದು ಹೆಸರನ್ನೂ ಇಟ್ಟುಕೊಂಡಿಲ್ಲ. ಏಟಿಗೆ ಹೆದರಿದರೆ ಹೇಗೆ ತಿದ್ದಬೇಕು ಅಂತ ನೂರು ಪಾಠ ಇದೆ, ಹೊಡೆಯಲು ಹೆದರಿದರೆ ನಮ್ಮ ಹತ್ತಿರ ಇರುವುದು ಒಂದೇ ಮಾತು, "ಹೊಡೆಯೋ!" ಅದರಿಂದ ಏನೂ ಆಗುವುದಿಲ್ಲ.

ಕೈಗೆ ಏನೂ ಅನ್ನಿಸಲಿಲ್ಲ ಅಂದನಲ್ಲ, ಅದರಲ್ಲೇ ನನಗೆ ದಾರಿ ಕಂಡಿತು. ಹಳೇ ಬಾಕ್ಸರ್‌ಗಳೂ ಅದನ್ನೇ ಹೇಳುತ್ತಾರೆ, ಸರಿಯಾಗಿ ಬಿದ್ದ ಏಟು ಕೊಟ್ಟವನ ಕೈಗೆ ಗೊತ್ತಾಗುವುದಿಲ್ಲ. ಹಿಂಗಾಲಿನಿಂದ ಹೊರಟ ಬಲ ಸೊಂಟ, ಭುಜ, ಮೊಣಕೈ, ಮಣಿಕಟ್ಟು ಅಂತ ಎಲ್ಲೂ ಸೋರದೆ ಹೋದರೆ, ಎದುರಿನವನು ಅದೇ ಗಳಿಗೆಗೆ ಮುಂದೆ ಬಂದರೆ, ಕೈಗೆ ಭಾರವೇ ತಾಗುವುದಿಲ್ಲ. ಕೈಗೆ ಝಂ ಅಂತ ನೋವಾಗುವ ಏಟು ಎಲ್ಲೋ ವಕ್ರವಾಗಿ ಬಿದ್ದದ್ದು. ಅಂದರೆ ಅವತ್ತು ಇವನು ಜೋರಾಗಿ ಹೊಡೆಯಲಿಲ್ಲ, ಸರಿಯಾದ ಹೊತ್ತಿಗೆ ಹೊಡೆದ. ಉಳಿದ ಬಲ ಎಲ್ಲಿಂದ ಬಂತು ಅಂದರೆ ಎದುರಿನವನ ನಡಿಗೆಯಿಂದಲೇ ಬಂತು. ನಿದ್ದೆಗೆಟ್ಟ ಹುಡುಗ, ಇಳಿದ ಎಡಗೈ, ಮೂರನೇ ರೌಂಡಿಗೆ ನಿಲ್ಲಿಸದ ಕೋಚು, ಇವೂ ಆ ಏಟಿನಲ್ಲಿದ್ದವು. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದೆ. ಇಡೀ ಏಟಿನ ಭಾರವನ್ನು ತಾನೊಬ್ಬನೇ ಹೊತ್ತುಕೊಂಡಿದ್ದ. ನನ್ನ ಪಾಲನ್ನು ನಾನು ವಾಪಸ್ ತೆಗೆದುಕೊಂಡೆ.

ಒಬ್ಬ ಹಿರಿಯ ಪೈಲ್ವಾನರ ಹತ್ತಿರವೂ ಅವನನ್ನು ಕರೆದುಕೊಂಡು ಹೋದೆ, ಗರಡಿ ಹುಡುಗ ಗರಡಿಯವರ ಮಾತು ಕೇಳುತ್ತಾನೆ ಅಂತ. ಅವರು ಬಾಕ್ಸಿಂಗ್ ಬಗ್ಗೆ ಏನೂ ಹೇಳಲಿಲ್ಲ. ವಿಜಯದಶಮಿ ದಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದ ಮಾತು ತೆಗೆದರು. ಜಟ್ಟಿಗಳು ತಲೆ ಬೋಳಿಸಿಕೊಂಡು, ಮುಷ್ಟಿಗೆ ಆಯುಧ ತೊಟ್ಟು ಎದುರುಬದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡ ತಕ್ಷಣ ಮುಗಿಯಿತು, ಎರಡನೇ ಏಟು ಇಲ್ಲ. "ಹೊಡೆಯೋನು ಯಾವಾಗ ನಿಲ್ಲಿಸ್ಬೇಕು ಅಂತ ಯೋಚ್ನೆ ಮಾಡ್ಬಾರ್ದು ಕಣಪ್ಪ. ನಿಲ್ಸೋಕೆ ಬೇರೆಯವರು ನಿಂತಿರ್ತಾರೆ. ಅವರು ನಿಲ್ಸಿದ ಮೇಲೆ ಕೈ ಎತ್ತಬಾರ್ದು, ಅಷ್ಟೇ ನಿನ್ನ ಕೆಲಸ" ಅಂದರು. ಹುಡುಗ ತಲೆ ಆಡಿಸಿದ. ಆ ಮಾತು ನನಗೂ ತಾಗಿತು. ನಿಲ್ಲಿಸಲು ನಿಂತಿರಬೇಕಾದವನು ನಾನು ತಾನೇ.

ನಾಲ್ಕಾಣೆ, ಎಂಟಾಣೆ

ಆಮೇಲೆ ಏನು ಮಾಡಿದೆವು ಅಂದರೆ, ಏಟಿಗೆ ಅಳತೆ ಇಟ್ಟೆವು. ನಾಲ್ಕಾಣೆ ಏಟು ಅಂದರೆ ಬರೀ ಮುಟ್ಟುವುದು. ಎಂಟಾಣೆ ಅಂದರೆ ತಾಗಿದ್ದು ಗೊತ್ತಾಗಬೇಕು, ತಲೆ ಅಲುಗಬಾರದು. ಹನ್ನೆರಡಾಣೆ ಬ್ಯಾಗಿಗೆ, ಪ್ಯಾಡಿಗೆ. ರೂಪಾಯಿ ಪಂದ್ಯಕ್ಕೆ ಮಾತ್ರ. ಸ್ಪಾರಿಂಗ್ ಶುರುವಾಗುವ ಮುಂಚೆ ಇಬ್ಬರೂ ಬಾಯಿಬಿಟ್ಟು ಹೇಳಬೇಕು, ಇವತ್ತು ಎಷ್ಟಾಣೆ ಅಂತ. ಜಾಸ್ತಿ ಅನ್ನಿಸಿದರೆ ತಿಂದವನು ರೌಂಡಿನ ಮಧ್ಯದಲ್ಲೇ ಕೂಗಿ ಹೇಳಬಹುದು, ಅದರಲ್ಲಿ ನಾಚಿಕೆ ಇಲ್ಲ. ಈ ಹುಡುಗರು ಆಣೆ ಕಂಡವರೇ ಅಲ್ಲ, ಆದರೂ ಎರಡೇ ದಿನದಲ್ಲಿ ಅದು ಶೆಡ್ಡಿನ ಭಾಷೆ ಆಗಿಹೋಯಿತು. ನಿದ್ದೆ ಆಯ್ತಾ, ಜ್ವರ ನೆಗಡಿ ಇದೆಯಾ, ತಲೆ ನೋಯ್ತಿದೆಯಾ ಅಂತ ರಿಂಗು ಹತ್ತುವ ಮುಂಚೆ ಪ್ರತಿಯೊಬ್ಬರನ್ನೂ ಕೇಳುವುದು ಅವತ್ತಿನಿಂದ ನನ್ನ ಕೆಲಸ.

ಪಾಂಡವಪುರದವನಿಗೆ ಮೊದಲ ಎರಡು ವಾರ ತಲೆಗೆ ಹೊಡೆಯುವುದೇ ಇಲ್ಲ, ಬರೀ ಹೊಟ್ಟೆ ಪಕ್ಕೆ, ಎದುರಿನವನಿಗೆ ಮೈಗಾರ್ಡು. ಬಲಗೈ ಬಂತು, ಕಣ್ಣು ತೆರೆದೇ ಇತ್ತು. ಮೂರನೇ ವಾರ ಬಲಗೈಯಲ್ಲಿ ಭುಜ ಮುಟ್ಟುವುದು, ಆಮೇಲೆ ಹಣೆ ಮುಟ್ಟುವುದು, ನಾಲ್ಕಾಣೆ. ಹಣೆಗೆ ಬಂದಾಗ ಮತ್ತೆ ಆ ಗೇಣು ಬಂತು. ಕೈ ನಿಂತಿತು.

ಅದನ್ನು ಬಿಡಿಸಿದ್ದು ನಾನಲ್ಲ. ಮಂಡಿ ಮೊಹಲ್ಲಾದವನು ಅಷ್ಟೊತ್ತಿಗೆ ವಾಪಸ್ ಬಂದಿದ್ದ. ಪ್ಯಾಡು ತೊಟ್ಟುಕೊಂಡು ಇವನ ಮುಂದೆ ನಿಂತ. "ಹಾಕೋ" ಅಂದ. ಇವನು ಹಾಕಿದ, ಪ್ಯಾಡಿಗೆ. ಹತ್ತು ಹಾಕಿದ ಮೇಲೆ ಅವನು ಒಂದು ಪ್ಯಾಡು ಬಿಚ್ಚಿ ಎಸೆದ, ತನ್ನ ಅಂಗೈಯನ್ನು ಹಣೆಗೆ ಒತ್ತಿ ಹಿಡಿದುಕೊಂಡ. "ಇಲ್ಲಿಗೆ ಹಾಕು. ನಾಲ್ಕಾಣೆ. ನಾನು ನೋಡ್ತಾ ಇದೀನಿ."

ಇವನು ನಿಂತೇ ಇದ್ದ. ಶೆಡ್ಡಿನಲ್ಲಿ ಬ್ಯಾಗಿನ ಸದ್ದೆಲ್ಲ ನಿಂತಿತು.

"ಅವತ್ತು ನಾನು ನೋಡಿರ್ಲಿಲ್ಲ ಕಣೋ, ಅದಕ್ಕೇ ಬಿದ್ದೆ. ಇವತ್ತು ನೋಡ್ತಾ ಇದೀನಿ. ಹಾಕು."

ಕೈ ಹೋಯಿತು. ಅಂಗೈಗೆ ತಪ್ ಅಂತ ಮೆಲ್ಲಗೆ ತಾಗಿತು. ಕಣ್ಣು ಮುಚ್ಚಿದನಾ ಅಂತ ನಾನು ನೋಡಲಿಲ್ಲ, ನನ್ನ ಕಣ್ಣೇ ಸರಿಯಾಗಿ ಕಾಣಿಸುತ್ತಿರಲಿಲ್ಲ. ಅವನು ಇನ್ನೊಂದು ಅಂದ, ಇನ್ನೊಂದು ಅಂದ. ಮೂವತ್ತು ನಲವತ್ತು ಸಲ ಆಗಿರಬೇಕು. ಆಮೇಲೆ ಇಬ್ಬರೂ ಬೈಕು ಹತ್ತಿ ಊಟಕ್ಕೆ ಹೋದರು.

ಅಲ್ಲಿಂದ ಎಂಟಾಣೆಗೆ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಮಧ್ಯದಲ್ಲಿ ಎರಡು ಸಲ ಕೈ ಮತ್ತೆ ನಿಂತಿತು, ಎರಡು ಸಲವೂ ಎದುರಿಗೆ ಚಿಕ್ಕ ಹುಡುಗ ಇದ್ದ. ಅದನ್ನು ನಾನು ತಿದ್ದಲು ಹೋಗಲಿಲ್ಲ. ಚಿಕ್ಕವನ ಮುಂದೆ ಕೈ ನಿಲ್ಲುವುದು ದೋಷ ಅಂತ ನನಗೆ ಅನ್ನಿಸುವುದಿಲ್ಲ.

ಪಂದ್ಯ

ಐದು ತಿಂಗಳ ಮೇಲೆ ಅವನ ಮೊದಲ ಪಂದ್ಯ, ಒಂದು ಭಾನುವಾರ. ಮೂರು ರೌಂಡು, ಒಂದೊಂದು 3 ನಿಮಿಷ, ಮಧ್ಯೆ 1 ನಿಮಿಷ ಬಿಡುವು. ಮೊದಲ ರೌಂಡಿನಲ್ಲಿ ಬರೀ ಜ್ಯಾಬ್. ಸ್ಟೂಲಿಗೆ ಬಂದಾಗ ನಾನು ಬಲಗೈ ಮಾತು ಎತ್ತಲಿಲ್ಲ, ಉಸಿರು ಬಿಡು, ನೀರು ಬಾಯಿಗೆ ಹಾಕಿ ಉಗಿ ಅಂದೆ. ಎರಡನೇ ರೌಂಡಿನ ಕೊನೆಯಲ್ಲಿ ಎದುರಿನವನು ನುಗ್ಗಿದ, ಬಲಗೈ ಹೋಯಿತು. ಪೂರ್ತಿ ಹೋಯಿತು. ಎದುರಿನವನು ಬೀಳಲಿಲ್ಲ, ಕಾಲು ತಡಬಡಿಸಿತು, ರೆಫ್ರಿ ನಡುವೆ ಬಂದು ಎಂಟರವರೆಗೆ ಎಣಿಸಿದರು. ನಮ್ಮ ಹುಡುಗ ಹೇಳಿದ ಮೂಲೆಗೆ ಹೋಗಿ ನಿಂತ. ಕೈ ಎತ್ತಿ ಕುಣಿಯಲಿಲ್ಲ. ಎಣಿಕೆ ಮುಗಿಯುವವರೆಗೂ ಎದುರಿನವನ ಕಣ್ಣನ್ನೇ ನೋಡುತ್ತಿದ್ದ.

ಮೂರನೇ ರೌಂಡಿನಲ್ಲಿ ಇನ್ನೂ ಎರಡು ಸಲ ಬಲಗೈ ಬಂತು. ಪಾಯಿಂಟಿನ ಮೇಲೆ ಸೋತ. ಮೊದಲ ರೌಂಡು ಪೂರ್ತಿ ಬಿಟ್ಟುಕೊಟ್ಟಿದ್ದನಲ್ಲ, ಸೋಲು ಸರಿಯಾಗಿಯೇ ಇತ್ತು.

ಗ್ಲೌಸು ಬಿಚ್ಚಿದೆವು, ಕೈಗೆ ಸುತ್ತಿದ ಬ್ಯಾಂಡೇಜು ಕತ್ತರಿಸುವ ಮುಂಚೆಯೇ ಎದ್ದು ಆ ಕಡೆ ಮೂಲೆಗೆ ಹೋದ. ಎದುರಾಳಿ ಗೆದ್ದ ಖುಷಿಯಲ್ಲಿ ನೀರು ಕುಡಿಯುತ್ತಿದ್ದ. ಇವನು ಕೈ ಕುಲುಕಿ, ಅವನ ಮುಖದ ಹತ್ತಿರ ಬಗ್ಗಿ ಏನೋ ಕೇಳಿದ. ನಾನು ಹಿಂದೆಯೇ ಇದ್ದೆ.

"ಅಣ್ಣೋ, ಇವತ್ತು ಯಾವ ವಾರ?"

"ಭಾನುವಾರ. ಯಾಕೆ ಗುರು?"

"ಏನಿಲ್ಲ" ಅಂದ. ಎರಡು ನಿಮಿಷ ಅಲ್ಲೇ ಮಾತಾಡಿಕೊಂಡು ನಿಂತಿದ್ದು, ಇನ್ನೊಂದು ಸಲ ಕೇಳಿದ.